ಬರೇ ಕೇಳಕೋಂತ ಕುಂದರ್ರಿ

ನಮ್ಮ ಅಣ್ಣನ ದನಿಯನ್ನು ಫೋನು ದನಿಯೆಂದು ಒಪ್ಪಲೇ ಇಲ್ಲ. ಯಾರಿಗೆ ಎಷ್ಟು ಸಲ ಹೇಳಿದರೂ ನನ್ನ ಮೈ ಉರಿಯುತ್ತದೆ, ಈಗ ಬರೆಯುವಾಗಲೂ ಉರಿಯುತ್ತಿದೆ.

ಗಂಟಲಿನ ಕ್ಯಾನ್ಸರ್ ಎಂದು ಅವನ ಧ್ವನಿಪೆಟ್ಟಿಗೆಯನ್ನು ತೆಗೆದಿದ್ದರು. ಬದಲಿಗೆ ಆಸ್ಪತ್ರೆಯಲ್ಲಿ ಸಣ್ಣ ಟಾರ್ಚಿನಂಥ ಒಂದು ಯಂತ್ರ ಕೊಟ್ಟರು. ಅದನ್ನು ಕುತ್ತಿಗೆಗೆ ಒತ್ತಿ ಹಿಡಿದು ಗುಂಡಿ ಅದುಮಿದರೆ ಗುಂಯ್ ಎಂದು ನಡುಗುತ್ತದೆ. ಆ ಗುಂಯ್ಗುಡುವಿಕೆಯನ್ನೇ ನಾಲಿಗೆ, ಹಲ್ಲು, ತುಟಿ ಸೇರಿ ಮಾತಾಗಿ ತಿದ್ದಬೇಕು. ಅಣ್ಣ ಇದನ್ನು ಎಲ್ಲರೂ ಬೆರಗಾಗುವಷ್ಟು ಬೇಗ ಕಲಿತ. ದನಿಯಲ್ಲಿ ಏರಿಳಿತ ಇರಲಿಲ್ಲ, ನಿಜ. ಸಿಟ್ಟಿನಲ್ಲಿ ಬೈದರೂ ಒಂದೇ, ಚಹಾ ಕೇಳಿದರೂ ಒಂದೇ. ಆದರೆ ಎದುರಿಗೆ ಕೂತರೆ ಒಂದೊಂದು ಶಬ್ದವೂ ತಿಳಿಯುತ್ತಿತ್ತು.

ಅದೇ ಅವನು ದಿಗ್ಗೇವಾಡಿಯಿಂದ ಅಥಣಿಗೆ ನನಗೆ ಫೋನು ಮಾಡಿದರೆ, "ತಂಗಿ" ಎಂಬುದರಲ್ಲಿ ಅರ್ಧ ಬಂದು ಆಮೇಲೆ ಏನೂ ಇಲ್ಲ. ನಾನು ಹಲೋ ಹಲೋ ಎನ್ನುತ್ತಿದ್ದೆ. ಅವನು ಆ ಕಡೆ ಮಾತಾಡುತ್ತಲೇ ಇದ್ದನಂತೆ. ನಾನು ಗಣಿತ ಕಲಿಸುವ ಮಾಸ್ತರಿಣಿ, ಇಂಥದ್ದನ್ನು ಹಾಗೇ ಬಿಡುವವಳಲ್ಲ. ಹುಡುಕಿ ಓದಿದಾಗ ಗೊತ್ತಾಯಿತು: ಫೋನಿನೊಳಗೆ ಗದ್ದಲ ಸೋಸುವ ಒಂದು ಏರ್ಪಾಡು ಇರುತ್ತದೆ. ಒಂದೇ ಸಮನೆ ಬರುವ ಸದ್ದನ್ನು ಅದು ಫ್ಯಾನೋ ಮಿಕ್ಸರೋ ನೀರೆತ್ತುವ ಮೋಟಾರೋ ಎಂದು ತೀರ್ಮಾನಿಸಿ ಅಳಿಸಿಹಾಕುತ್ತದೆ. ನಮ್ಮ ಅಣ್ಣ ಅದರ ಲೆಕ್ಕದಲ್ಲಿ ಮೋಟಾರು. ಎಲ್ಲೋ ತಂಪು ಕೋಣೆಯಲ್ಲಿ ಕೂತ ಯಾರೋ, ಮನುಷ್ಯನ ದನಿ ಹೀಗಿರುತ್ತದೆ, ಹೀಗಿರುವುದಿಲ್ಲ ಎಂದು ಬರೆದಿಟ್ಟಿದ್ದಾರೆ. ನಮ್ಮನ್ನು ಕೇಳಿದ್ದರೇ?

ಅವನ ಹಳೆಯ ದನಿ ಕೇಳಿದವರಿಗೆ ಮಾತ್ರ ಈ ಅನ್ಯಾಯದ ಅಳತೆ ಗೊತ್ತಾಗುತ್ತದೆ. ಹೊಳೆಯ ದಂಡೆಯ ಕಬ್ಬಿನ ಹೊಲದಲ್ಲಿ ನಿಂತು ಅವನು ಕೂಗಿದರೆ ವೈನಿ, ಅಂದರೆ ಅವನ ಹೆಂಡತಿ, ಅಡಿಗೆಮನೆಯಲ್ಲಿ "ಬಂದೆ" ಎನ್ನುತ್ತಿದ್ದಳು. ಒಕ್ಕಲುತನದ ಜೊತೆಗೆ ಅವನು ದನದ ಪ್ಯಾಟಿಯಲ್ಲಿ ದಲ್ಲಾಳಿ. ನಮ್ಮ ಕಡೆಯ ದನದ ಪ್ಯಾಟಿ ನೋಡಿದವರಿಗೆ ಗೊತ್ತು, ಅಲ್ಲಿ ಎತ್ತಿನ ಗುಣ, ಹಲ್ಲು, ಸುಳಿ ಎಲ್ಲ ಬಾಯಿಬಿಟ್ಟು ಊರೆಲ್ಲ ಕೇಳುವಂತೆ ಹೇಳುತ್ತಾರೆ. ಬೆಲೆಯನ್ನು ಮಾತ್ರ ಬಾಯಿಂದ ಆಡುವುದಿಲ್ಲ. ಹೆಗಲ ಮೇಲಿನ ಟಾವೆಲ್ಲನ್ನು ಕೈಮೇಲೆ ಹೊದಿಸಿ, ಅದರ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಒತ್ತಿ ವ್ಯವಹಾರ ಮುಗಿಸುತ್ತಾರೆ. ಸುತ್ತ ನಿಂತವರಿಗೆ ಟಾವೆಲ್ಲು ಅಲುಗಾಡುವುದಷ್ಟೇ ಕಾಣುತ್ತದೆ. ಅಣ್ಣ ಇದರಲ್ಲಿ ಎಷ್ಟು ಪಳಗಿದ್ದನೆಂದರೆ ಮನೆಯಲ್ಲಿ ಮಹತ್ವದ ಮಾತು ಬಂದರೂ ಅವನ ಕೈ ತಾನಾಗಿ ಟಾವೆಲ್ಲಿನ ಕೆಳಗೆ ಹೋಗುತ್ತಿತ್ತು. ನನ್ನ ಮದುವೆಯ ಮಾತುಕತೆಯ ದಿನ ಬೀಗರ ಎದುರಿಗೆ ಹಾಗೇ ಕೂತಿದ್ದು ನೋಡಿ ನಾನು ಒಳಗೆ ಹಲ್ಲು ಕಡಿದಿದ್ದೆ.

ಮಾತಿನ ಹಸಿವು ಅವನಿಗೆ ಪ್ಯಾಟಿಯಲ್ಲಿ ತೀರುತ್ತಿರಲಿಲ್ಲ. ಸಂಜೆ ಮನೆಗೆ ಬಂದು ಹವ್ಯಾಸಿ ರೇಡಿಯೊ ಮುಂದೆ ಕೂರುತ್ತಿದ್ದ. ಸರಕಾರದ ಪರೀಕ್ಷೆ ಕಟ್ಟಿ, ಲೈಸೆನ್ಸು ಪಡೆದು, ಸ್ವಂತದ ಕರೆಸಂಕೇತ ಇಟ್ಟುಕೊಂಡು ಗಾಳಿಯ ಮೇಲೆ ಮಾತಾಡುವ ಹವ್ಯಾಸ ಅದು. "ನೀ ಗಣಿತದಾಕಿ, ನಿನಗ ಇದು ಸಸಾರ ಐತಿ" ಎಂದು ನನ್ನನ್ನೂ ಎಳೆದುಕೊಂಡು ಹೋಗಿ ಪರೀಕ್ಷೆಗೆ ಕೂರಿಸಿದ್ದ. ನಾನು ಪಾಸಾಗಿ ಲೈಸೆನ್ಸನ್ನು ಪೆಟ್ಟಿಗೆಯಲ್ಲಿಟ್ಟೆ. ಅವನು ಮಾತ್ರ ದಿನವೂ ಸಂಜೆ ಹಾಜರು. ರಾಯಬಾಗ, ಕಾಗವಾಡ, ಶಿರಗುಪ್ಪಿ, ನಿಪ್ಪಾಣಿ, ಹೀಗೆ ಸುತ್ತಲಿನ ಊರುಗಳ ಹತ್ತಾರು ಜನ ಒಂದೇ ಹೊತ್ತಿಗೆ ಸೇರಿ ಸರದಿಯ ಮೇಲೆ ಮಾತಾಡುತ್ತಿದ್ದರು. ಅದಕ್ಕೆ ಅವರು ನೆಟ್ ಎನ್ನುತ್ತಾರೆ. ಅದನ್ನು ನಡೆಸುವವರು ಅಥಣಿಯ ಹತ್ತಿರದ ಒಬ್ಬ ದ್ರಾಕ್ಷಿ ಬೆಳೆಗಾರರು. ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ ಮುಗಿಯುತ್ತದೆ. ಅವರ ಊಟವಾದ ಮೇಲೆ ನೆಟ್ ಶುರು, ಉಳಿದವರ ಮನೆಯಲ್ಲಿ ಇನ್ನೂ ಒಲೆಯ ಮೇಲೆ ರೊಟ್ಟಿ. ಅಣ್ಣನ ಸರದಿ ಬಂದರೆ ಕನ್ನಡದಲ್ಲಿ ಹೊರಟ ಮಾತು ಮರಾಠಿ ಹೊಕ್ಕು, ಎತ್ತು, ಕಬ್ಬು, ಮಳೆ ಎಲ್ಲ ಸುತ್ತಿ ಬರುತ್ತಿತ್ತು. ಬೆಳೆಗಾರರು ನಡುವೆ ಬಾಯಿ ಹಾಕಿ ನಿಲ್ಲಿಸದೆ ಅದು ನಿಲ್ಲುತ್ತಿರಲಿಲ್ಲ.

ಅಂಥವನು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಜನ ನೋಡಲು ಬಂದರಲ್ಲ, ಅವರನ್ನು ನೆನೆದರೆ ಇವತ್ತಿಗೂ ನನಗೆ ತಡೆಯುವುದಿಲ್ಲ. ಅಣ್ಣ ಎದುರಿಗೇ ಕೂತಿದ್ದರೂ ನನ್ನನ್ನು ಕೇಳುತ್ತಿದ್ದರು. "ಅವರಿಗೆ ಚಾ ನಡೀತೈತೇನ್ರಿ?" "ಅವರಿಗೆ ನಿದ್ದಿ ಬರ್ತೈತೇನ್ರಿ?" ಹೋದದ್ದು ಧ್ವನಿಪೆಟ್ಟಿಗೆ, ಕಿವಿಯಲ್ಲ, ತಲೆಯಂತೂ ಅಲ್ಲವೇ ಅಲ್ಲ. ಇನ್ನು ಕೆಲವರು ಅವನ ಕಿವಿಗೆ ಬಾಯಿ ಹಚ್ಚಿ ಕಿರುಚುತ್ತಿದ್ದರು. ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರವನ್ನೇ ಮಾಡುವ ನೆಂಟರೊಬ್ಬರು ಕಾಲ ಮೇಲೆ ಕಾಲು ಹಾಕಿ ಕೂತು, "ಬೀಡಿ ಭಾಳ ಸೇದತಿದ್ರು, ಅದಕ್ಕ ಹಿಂಗಾಗೇತಿ" ಎಂದರು. ಹೌದು, ಸೇದುತ್ತಿದ್ದ. ಇಡೀ ಪ್ಯಾಟಿಯೇ ಸೇದುತ್ತಿತ್ತು. ಆದರೆ ಅದನ್ನು ಹೇಳಲು ಅವರಿಗೆ ಯಾವ ಬಾಯಿ? ನಾನು ಚಹಾದ ಕಪ್ಪನ್ನು ಅವರು ಮುಗಿಸುವ ಮೊದಲೇ ಎತ್ತಿಕೊಂಡು ಒಳಗೆ ಹೋದೆ. ವೈನಿ ನನ್ನ ಕೈ ಚಿವುಟಿದಳು.

ಎಲ್ಲಕ್ಕಿಂತ ನನ್ನ ಹೊಟ್ಟೆಗೆ ಬೆಂಕಿ ಹಚ್ಚಿದ್ದು ಪ್ಯಾಟಿಯ ಗೆಳೆಯರ ಸಮಾಧಾನ. "ನಿನಗೇನ್ ಕಮ್ಮಿ ಆಗೇತಿ ಮಾಲಕ? ನಮ್ಮ ಧಂದಾ ಇರೂದ ಬೆರಳಿನಾಗ. ಟಾವೆಲ್ ಇದ್ರ ಸಾಕು, ದನಿ ಯಾಕ ಬೇಕು?" ಎಂದು ಬೆನ್ನು ತಟ್ಟಿದರು. ಒಳ್ಳೆಯ ಮನಸ್ಸಿನಿಂದಲೇ ಅಂದಿರಬೇಕು. ಆದರೆ ಮನುಷ್ಯ ಬೆಲೆ ಹೇಳಲಿಕ್ಕೆ ಮಾತ್ರ ಬಾಯಿ ತೆರೆಯುತ್ತಾನೆಯೇ? ಅಣ್ಣ ಅವರಿಗೆ ನಕ್ಕ. ಅವರು ಹೋದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅವನು ಹಗಲು ಹೊತ್ತಿನಲ್ಲಿ ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವನಿಗೆ ಉಳಿದಿದ್ದ ಆಸೆ ಒಂದೇ, ಸಂಜೆಯ ನೆಟ್. ಗಂಟಲ ಯಂತ್ರ ಹಿಡಿದು ಮಾತು ಕಲಿತದ್ದೇ ನೆಟ್ಟಿನಲ್ಲಿ ಮತ್ತೆ ತನ್ನ ಸರದಿ ಬರಬೇಕು ಎಂದು. ಆದರೆ ಅವನು ಆಸ್ಪತ್ರೆಯಲ್ಲಿದ್ದಾಗ ಇಲ್ಲಿ ಬೇರೆಯೇ ಆಗಿತ್ತು. ಚಿಕ್ಕೋಡಿ ಕಡೆಯ ಗುಡ್ಡದ ಮೇಲೆ, ಎಲ್ಲರ ಸಣ್ಣ ರೇಡಿಯೊ ಸೆಟ್ಟುಗಳ ದನಿಯನ್ನು ಹಿಡಿದು ದೂರಕ್ಕೆ ಮುಟ್ಟಿಸುವ ರಿಪೀಟರ್ ಎಂಬ ಯಂತ್ರವಿತ್ತು. ಅದಕ್ಕೆ ಸಿಡಿಲು ಬಡಿದು ಸುಟ್ಟುಹೋಗಿ, ಹೊಸದನ್ನು ಪೂರ್ತಿ ಡಿಜಿಟಲ್ ಮಾಡಿದ್ದರು. ಎಲ್ಲರೂ ಕೈಯಲ್ಲಿ ಹಿಡಿಯುವ ಹೊಸ ಡಿಜಿಟಲ್ ಸೆಟ್ಟು ಕೊಂಡಿದ್ದರು. ಅಣ್ಣನೂ ಅಂಥದ್ದೇ ತರಿಸಿದ, ನನಗೂ ಒಂದು ತರಿಸಿದ. ಮೊದಲ ಸಂಜೆ ಹೊಸ ಅಂಗಿ ಹಾಕಿಕೊಂಡು ಕೂತ. ನಾನೂ ಅಲ್ಲೇ ಇದ್ದೆ.

ಅವನ ಸರದಿ ಬಂತು. ಒಂದು ಕೈಯಲ್ಲಿ ಗಂಟಲ ಯಂತ್ರ, ಇನ್ನೊಂದರಲ್ಲಿ ಸೆಟ್ಟು. ಮಾತಾಡುವಾಗ ಸೆಟ್ಟಿನ ಗುಂಡಿ ಒತ್ತಿ ಹಿಡಿಯಬೇಕು, ಬಿಟ್ಟರೆ ಮಾತ್ರ ಆ ಕಡೆಯವರ ದನಿ ಕೇಳುತ್ತದೆ. ಕರೆಸಂಕೇತ ಹೇಳಿದ, ಎಲ್ಲರಿಗೂ ನಮಸ್ಕಾರ ಹೇಳಿದ, ಇನ್ನೂ ಏನೇನೋ ಹೇಳಿದ. ಗುಂಡಿ ಬಿಟ್ಟ. ಆ ಕಡೆಯಿಂದ ದ್ರಾಕ್ಷಿ ಬೆಳೆಗಾರರ ದನಿ ಬಂತು.

"ಯಾರೋ ಬಟನ್ ಒತ್ತ್ಯಾರ, ಮಾತ್ ಏನೂ ಬರವಲ್ದು. ಯಾರ್ರಿ ಅದು?"

ಅಣ್ಣ ಮತ್ತೆ ಹೇಳಿದ. ಮತ್ತೆ ಅದೇ ಉತ್ತರ. ಫೋನಿನಲ್ಲಿ ಇದ್ದ ಪೀಡೆಯೇ ಈ ಸೆಟ್ಟಿನಲ್ಲೂ ಇತ್ತು, ಗದ್ದಲ ಸೋಸುವ ಪೀಡೆ. ನಾನು ನನ್ನ ಸೆಟ್ಟು ತೆಗೆದು, ಪೆಟ್ಟಿಗೆಯಲ್ಲಿದ್ದ ಲೈಸೆನ್ಸಿಗೆ ಜೀವ ಕೊಟ್ಟು, ನಮ್ಮಣ್ಣ ಮಾತಾಡುತ್ತಿದ್ದಾನೆ, ಅವನ ದನಿಯನ್ನು ಸೆಟ್ಟು ತಡೆಯುತ್ತಿದೆ ಎಂದೆ. ಬೆಳೆಗಾರರು ಬಹಳ ಮೆತ್ತಗೆ, ಆಸ್ಪತ್ರೆಗೆ ಹಣ್ಣು ತಂದವರು ಮಾತಾಡುವ ಹಾಗೆ, "ಅಣ್ಣಾರ, ನೀವು ತ್ರಾಸ ಮಾಡ್ಕೋಬ್ಯಾಡ್ರಿ. ನೀವು ಬರೇ ಕೇಳಕೋಂತ ಕುಂದರ್ರಿ. ನಿಮಗ ಕೇಳ್ಸಿದ್ರ ಸಾಕು ನಮಗ" ಎಂದರು.

ಬರೇ ಕೇಳಕೋಂತ ಕುಂದರ್ರಿ. ಊರಿನಲ್ಲೆಲ್ಲ ದೊಡ್ಡ ಬಾಯಿ ಎನಿಸಿಕೊಂಡವನಿಗೆ ಹೇಳುವ ಮಾತೇ ಇದು? ಅಣ್ಣ ಸೆಟ್ಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಹೊಸ ಅಂಗಿಯ ಮೇಲಿನ ಗುಂಡಿ ಬಿಚ್ಚಿದ. ಉಸಿರಾಡಲೆಂದು ಕುತ್ತಿಗೆಯಲ್ಲಿ ಮಾಡಿದ್ದ ತೂತಿಗೆ ಕಟ್ಟಿದ ಬಟ್ಟೆ ಸರಿಮಾಡಿಕೊಂಡು ಹೊರಗೆ ಹೋಗಿ ದನಗಳ ನಡುವೆ ನಿಂತ. ನಾನು ಅವತ್ತು ಅತ್ತದ್ದು ದುಃಖಕ್ಕಲ್ಲ, ಸಿಟ್ಟಿಗೆ.

ಮಾರನೆಯ ದಿನವೇ ಸೆಟ್ಟು ಮಾರಿದವರಿಗೆ ಫೋನು ಮಾಡಿದೆ. ಈ ಗದ್ದಲ ಸೋಸುವುದನ್ನು ಬಂದ್ ಮಾಡುವುದು ಹೇಗೆ ಎಂದು ಕೇಳಿದೆ. ಆ ಮನುಷ್ಯ ಹೆಮ್ಮೆಯಿಂದ, "ಮೇಡಂ, ಅದೇ ಇದರ ವಿಶೇಷ, ಅದನ್ನು ಬಂದ್ ಮಾಡಲು ಬರುವುದಿಲ್ಲ" ಎಂದ. ನಮ್ಮ ಅಣ್ಣನ ಮಾತು ಹೋಗುತ್ತಿಲ್ಲ ಎಂದರೆ, "ಸೆಟ್ಟಿನಲ್ಲಿ ದೋಷ ಇಲ್ಲ ಮೇಡಂ, ಅವರು ಸರಿಯಾಗಿ ಮಾತಾಡಬೇಕು" ಎಂದ. ಬಾಯಿಗೆ ಬಂದದ್ದನ್ನು ಅವನಿಗೆ ಅಂದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ವಿದ್ಯಾರ್ಥಿಗಳೂ ಇದನ್ನು ಓದಬಹುದು. ಒಂದು ವಸ್ತುವನ್ನು ಕೊಂಡ ಮೇಲೂ ಅದು ನಮ್ಮದಲ್ಲ, ಅದರೊಳಗಿನ ತೀರ್ಮಾನಗಳೆಲ್ಲ ಮಾಡಿದವನವೇ, ಅದನ್ನು ಬಿಚ್ಚಿ ನೋಡುವ ಹಕ್ಕೂ ನಮಗಿಲ್ಲ ಎಂಬುದು ನನಗೆ ಅವತ್ತು ಮೊದಲ ಸಲ ಅರ್ಥವಾಯಿತು. ನೇಗಿಲು ಕೊಂಡವನಿಗೆ ಕುಳ ಬದಲಿಸಬೇಡ ಎಂದು ಬಡಿಗ ಹೇಳುತ್ತಾನೆಯೇ?

ಆ ಸಿಟ್ಟೇ ನನ್ನನ್ನು ಹುಡುಕಾಟಕ್ಕೆ ಹಚ್ಚಿತು. ಶಾಲೆ ಮುಗಿಸಿ ಬಂದು ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದೆ. ಇಂಥ ಸೆಟ್ಟುಗಳನ್ನು ಒಳಗಿನಿಂದ ನಡೆಸುವ ತಂತ್ರಾಂಶಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ಕಂಪನಿ ಹಾಕಿದ್ದನ್ನು ತೆಗೆದು, ಹವ್ಯಾಸಿಗಳೇ ಸೇರಿ ಬರೆದ ಮುಕ್ತ ಫರ್ಮ್‌ವೇರ್ ಹಾಕಬಹುದು ಎಂದು ತಿಳಿಯಿತು. ಮುಕ್ತ ಎಂದರೆ ಅದರ ಒಂದೊಂದು ಸಾಲೂ ಎಲ್ಲರ ಕಣ್ಣಿಗೆ ಬಿದ್ದಿದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ದನಿಯನ್ನು ಸಣ್ಣ ಸಣ್ಣ ಅಂಕಿಗಳಾಗಿ ಅರೆದು ಕಳಿಸುವ ರೀತಿಯೂ ಅದರಲ್ಲಿ ಮುಕ್ತವೇ. ನಾನು ಆ ಸಾಲುಗಳನ್ನು ತೆರೆದು ಓದಿದೆ. ಎಲ್ಲ ತಿಳಿಯಿತು ಎಂದರೆ ಸುಳ್ಳಾದೀತು. ಮೈಕಿನಿಂದ ಬಂದ ದನಿ ಎಲ್ಲಿ ಹೋಗುತ್ತದೆ, ಯಾರ ಕೈ ದಾಟುತ್ತದೆ ಎಂಬುದನ್ನು ಮಾತ್ರ ಬೆರಳಿಟ್ಟು ಹಿಂಬಾಲಿಸಿದೆ. ಅಲ್ಲಿ ದನಿ ಯಾವುದು, ಗದ್ದಲ ಯಾವುದು ಎಂದು ತೀರ್ಪು ಕೊಡುವವರು ಯಾರೂ ಕೂತಿರಲಿಲ್ಲ. ಮೈಕಿಗೆ ಎಷ್ಟು ಬಲ ಕೊಡಬೇಕು ಎಂಬುದನ್ನೂ ಸೆಟ್ಟು ಹಿಡಿದವರಿಗೇ ಬಿಟ್ಟಿದ್ದರು. ಮುಖ ನೋಡದ, ಹೆಸರು ಕೇಳದ, ಯಾವ್ಯಾವುದೋ ದೇಶದ ಜನ ಸಂಬಳವಿಲ್ಲದೆ ಬರೆದದ್ದು. ಅವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಭಾನುವಾರ ದಿಗ್ಗೇವಾಡಿಗೆ ಹೋದೆ. ಮೊದಲು ತಂದ ಕೇಬಲ್ಲು ಬರೀ ಚಾರ್ಜು ಮಾಡುವಂಥದ್ದು, ಅದರಿಂದ ಏನೂ ಆಗಲಿಲ್ಲ. ರಾಯಬಾಗಕ್ಕೆ ಹೋಗಿ ಬೇರೆ ತಂದೆ. ಸೆಟ್ಟಿನಲ್ಲಿ ಕಂಪನಿ ಹೊಂದಿಸಿಟ್ಟ ಅಳತೆಗಳನ್ನು ಮೊದಲು ಲ್ಯಾಪ್‌ಟಾಪಿಗೆ ಇಳಿಸಿ ಜೋಪಾನ ಮಾಡಬೇಕು ಎಂದು ಎಲ್ಲೆಡೆ ಬರೆದಿದ್ದರು, ಮಾಡಿದೆ. ಆಮೇಲೆ ಎರಡು ಗುಂಡಿ ಒಟ್ಟಿಗೆ ಅದುಮಿ ಹಿಡಿದು ಸೆಟ್ಟು ಚಾಲೂ ಮಾಡಿದೆ. ಪರದೆ ಕಪ್ಪಾಯಿತು, ಒಂದು ದೀಪ ಮಾತ್ರ ಮಿಣುಕುತ್ತಿತ್ತು. ಹಿಂದೆ ನಿಂತಿದ್ದ ವೈನಿ ಸೆರಗು ಬಾಯಿಗೆ ಒತ್ತಿಕೊಂಡಳು.

"ಸತ್ತು ಹೋತೇನ ಅದು?"

"ಸತ್ತಿಲ್ಲ ವೈನಿ. ಹಳೇದನ್ನ ಮರೀಲಿಕತ್ತೇತಿ."

ಪರದೆ ಮತ್ತೆ ಬೆಳಗಿದಾಗ ಕಂಪನಿಯ ಚಿಹ್ನೆ ಇರಲಿಲ್ಲ. ನನಗಾದ ಸಂತೋಷ ಸ್ವಲ್ಪ ಕೆಟ್ಟ ಸಂತೋಷವೇ, ಒಪ್ಪುತ್ತೇನೆ. ಇದೇ ರೀತಿ ಇನ್ನೊಂದು ಸೆಟ್ಟಿಗೂ ಹಾಕಿದೆ. ಅಣ್ಣನದನ್ನು ಅಣ್ಣನಿಗೆ ಕೊಟ್ಟು, ನನ್ನದನ್ನು ಹಿಡಿದು ಹೊಲ ದಾಟಿ ಹೊಳೆಯ ದಂಡೆಗೆ ಹೋಗಿ ಕರೆದೆ. ಉತ್ತರ ಬಂತು. ಆದರೆ ಎಂಥ ಉತ್ತರ? ಹಾಸಿಗೆಯ ಕೆಳಗೆ ಜೀರುಂಡೆ ಸಿಕ್ಕಿಹಾಕಿಕೊಂಡ ಹಾಗೆ ಗುಂಯ್ ಗುಂಯ್. ಒಂದು ಶಬ್ದವೂ ಬಿಡಿಸಿ ಕೇಳಲಿಲ್ಲ.

ವಾಪಸು ಬಂದು ಮೈಕಿನ ಬಲ ಏರಿಸಿದೆ. ಮತ್ತೆ ದಂಡೆಗೆ ಹೋದೆ, ಅದೇ ಗುಂಯ್. ಇಳಿಸಿದೆ. ಅದೇ. ಲ್ಯಾಪ್‌ಟಾಪು ತೆರೆದು ಮತ್ತೆ ಸಾಲುಗಳನ್ನು ಓದಿದೆ, ಎಲ್ಲ ಸರಿಯಿತ್ತು. ಆ ಹೊಲದ ಬದುವಿನ ಮೇಲೆ ಹೋಗಿ ಬಂದು ಕಾಲು ಸೋತವು, ಸೀರೆಯ ಅಂಚಿಗೆಲ್ಲ ರಾಡಿ. ಕಂಪನಿಯನ್ನು ಬೈದೆ, ಮುಕ್ತ ಫರ್ಮ್‌ವೇರ್ ಬರೆದವರನ್ನು ಬೈದೆ, ನನ್ನ ಪದವಿಯನ್ನೂ ಬೈದೆ. ಅಣ್ಣನಿಗೆ ಇಲ್ಲಸಲ್ಲದ ಆಸೆ ಹುಟ್ಟಿಸಿದೆನಲ್ಲ ಎಂದು ಹೆದರಿಕೆಯಾಯಿತು. ಮತ್ತೊಮ್ಮೆ ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಅವನನ್ನು ಎಬ್ಬಿಸುವುದು ಯಾರು?

ಕೊನೆಗೆ ಹೇಳದೆ ಕೇಳದೆ ಹಿತ್ತಲ ಬಾಗಿಲಿನಿಂದ ಒಳಗೆ ಬಂದೆ. ಅಣ್ಣ ನನಗೆ ಬೆನ್ನು ಹಾಕಿ ಕೂತು ಮಾತಾಡುತ್ತಿದ್ದ. ನಾನು ಇನ್ನೂ ದಂಡೆಯಲ್ಲೇ ಇದ್ದೇನೆಂದು ತಿಳಿದಿದ್ದ. ಎಡಗೈಯ ಯಂತ್ರ ಕುತ್ತಿಗೆಗೆ ಸರಿಯಾಗಿತ್ತು. ಬಲಗೈ ಕಾಣಲೇ ಇಲ್ಲ. ಹೆಗಲಿನಿಂದ ಇಳಿದ ಟಾವೆಲ್ಲು ಬಲಗೈಯನ್ನೂ ಅದರಲ್ಲಿದ್ದ ಸೆಟ್ಟನ್ನೂ ಪೂರ್ತಿ ಮುಚ್ಚಿತ್ತು. ಮಹತ್ವದ ಮಾತಲ್ಲವೇ, ಪ್ಯಾಟಿಯ ಕೈ ತನ್ನ ರೂಢಿಯಂತೆ ಟಾವೆಲ್ಲಿನ ಕೆಳಗೆ ಹೋಗಿ ಕೂತಿತ್ತು. ಮೈಕಿನ ಬಾಯಿಗೆ ದಪ್ಪ ಟಾವೆಲ್ಲು ತುರುಕಿದರೆ ಯಾವ ದೇಶದವರು ಬರೆದ ಸಾಲಾದರೂ ಏನು ಮಾಡೀತು?

ನಾನು ಹೋಗಿ ಟಾವೆಲ್ಲನ್ನು ಸರ್ರನೆ ಎಳೆದೆ. ಅವನು ಬೆಚ್ಚಿ ತಿರುಗಿದ.

"ಇಲ್ಲೇನ್ ಎತ್ತಿನ ವ್ಯಾಪಾರ ನಡದೈತೇನಲೇ? ಯಾರ ಬೆರಳು ಹಿಡೀಲಿಕತ್ತಿ ಇದರಾಗ?" ಎಂದು ಕೂಗಿದೆ. ಚಿಕ್ಕಂದಿನ ಸಲಿಗೆ, ಸಿಟ್ಟಿನಲ್ಲಿ ಅವನಿಗೆ ಲೇ ಅಂದುಬಿಡುತ್ತೇನೆ. ಅವನು ತನ್ನ ಕೈ ನೋಡಿಕೊಂಡ, ಟಾವೆಲ್ಲು ನೋಡಿದ, ನನ್ನ ರಾಡಿ ಸೀರೆ ನೋಡಿದ. ಹೆಗಲು ಕುಲುಕಲು ಶುರುವಾಯಿತು. ಅವನ ನಗುವಿಗೆ ಈಗ ಸದ್ದಿಲ್ಲ, ಹೆಗಲು ಮಾತ್ರ ಕುಲುಕುತ್ತವೆ. ವೈನಿ ಗೋಡೆ ಹಿಡಿದು ಕುಸಿದು ಕೂತು ನಕ್ಕಳು.

ಟಾವೆಲ್ಲನ್ನು ವೈನಿಯ ವಶಕ್ಕೆ ಕೊಟ್ಟು ಮತ್ತೆ ದಂಡೆಗೆ ಹೋದೆ. ಸೆಟ್ಟು ಕಿವಿಗೆ ಹಚ್ಚಿದೆ. "ತಂಗಿ" ಎಂದಿತು. ಪೂರ್ತಿ ಶಬ್ದ. "ತಂಗಿ, ಆ ದಂಡಿ ಮ್ಯಾಲ ನಿಂದರಬ್ಯಾಡ, ಅಲ್ಲಿ ಮಣ್ಣು ಸಡಲ ಐತಿ. ಈಚಿಗೆ ಬಾ. ವೈನಿ ರೊಟ್ಟಿ ಮಾಡಾಕತ್ತಾಳ." ಅಷ್ಟೇ ಅವನು ಹೇಳಿದ್ದು. ನಾನು ಅಲ್ಲೇ ಆ ಸಡಿಲ ಮಣ್ಣಿನ ಮೇಲೆ ಕೂತು ಜೋರಾಗಿ ಅತ್ತೆ. ಆಪರೇಷನ್ನಿನ ನಂತರ ಎದುರಿಗಿಲ್ಲದ ಅಣ್ಣನ ಮಾತು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು.

ಟಾವೆಲ್ಲಿನ ನೆಪದಲ್ಲಿ ಕಂಪನಿ ಪಾರಾಗಬಾರದು. ಆದ್ದರಿಂದ ಇದನ್ನೂ ಬರೆದಿಡುತ್ತೇನೆ: ಅವತ್ತೇ ನನ್ನ ಸೆಟ್ಟಿಗೆ ಹಳೆಯ ಫರ್ಮ್‌ವೇರ್ ವಾಪಸು ಹಾಕಿ, ಟಾವೆಲ್ಲು ದೂರವಿಟ್ಟು, ಅಣ್ಣನಿಂದಲೇ ಅದರಲ್ಲಿ ಮಾತಾಡಿಸಿ ನೋಡಿದೆ. ಒಂದಕ್ಷರ ಹೋಗಲಿಲ್ಲ. ಮತ್ತೆ ಹೊಸದನ್ನು ಹಾಕಿದೆ.

ಇಲ್ಲಿಗೆ ಕೆಲಸ ಮುಗಿಯಲಿಲ್ಲ. ಈ ಹೊಸ ಫರ್ಮ್‌ವೇರಿನ ಮಾತು ಅದೇ ಬಗೆಯ ಸೆಟ್ಟಿಗೆ ಮಾತ್ರ ತಿಳಿಯುತ್ತದೆ. ಗುಡ್ಡದ ಮೇಲಿನ ರಿಪೀಟರು ಎರಡೂ ಬಗೆಯನ್ನು ದಾಟಿಸುವಂಥದ್ದಾಗಿತ್ತು, ಅದು ನಮ್ಮ ಪುಣ್ಯ. ಆದರೆ ನೆಟ್ಟಿನವರು ತಮ್ಮ ಸೆಟ್ಟುಗಳಿಗೂ ಹೊಸದನ್ನು ಹಾಕಿಸಿಕೊಳ್ಳದಿದ್ದರೆ ಅಣ್ಣ ಮಾತಾಡುವುದು ನನ್ನೊಬ್ಬಳ ಜೊತೆಗೆ. ಅದಕ್ಕೆ ದ್ರಾಕ್ಷಿ ಬೆಳೆಗಾರರ ಮನೆಗೆ ಹೋದೆ. ಪಡಸಾಲೆಯಲ್ಲಿ ಕೂರಿಸಿ ತಣ್ಣನೆಯ ನೀರು, ದ್ರಾಕ್ಷಿ ಕೊಟ್ಟು ಬಹಳ ಮರ್ಯಾದೆಯಿಂದ ಕೇಳಿಸಿಕೊಂಡರು. ಕೇಳಿಸಿಕೊಂಡು, "ಒಬ್ಬರ ಸಲುವಾಗಿ ಎಲ್ಲಾರ ಸೆಟ್ ಕೆಡಸೂದು ಅಂದ್ರ ಹೆಂಗ್ರಿ ಅಕ್ಕಾರ? ಚಲೋ ನಡದೈತಿ" ಎಂದರು.

"ಯಾರಿಗ್ರಿ ಚಲೋ ನಡದೈತಿ?" ಎಂದೆ.

ನನಗೆ ಇನ್ನೂ ಬಹಳ ಹೇಳುವುದಿತ್ತು, ದಾರಿಯುದ್ದಕ್ಕೂ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ. ಆದರೆ ಇದು ನಾನು ಹೇಳುವ ಮಾತಲ್ಲ ಅನ್ನಿಸಿತು. ಇಷ್ಟು ದಿನ ಎಲ್ಲರೂ ಅವನ ಬದಲಿಗೆ ನನ್ನನ್ನೇ ಕೇಳಿದ್ದರಲ್ಲ, ನಾನೂ ಅವನ ಬದಲಿಗೆ ಮಾತಾಡಿದರೆ ಅದೇ ಆಯಿತು. ಸೆಟ್ಟು ತೆಗೆದು ಅವರ ಮುಂದೆ, ದ್ರಾಕ್ಷಿಯ ತಟ್ಟೆಯ ಪಕ್ಕದಲ್ಲಿಟ್ಟು ಅಣ್ಣನನ್ನು ಕರೆದೆ. ಗುಡ್ಡ ದಾಟಿ ದಿಗ್ಗೇವಾಡಿಯಿಂದ ದನಿ ಬಂತು, ಏರಿಳಿತವಿಲ್ಲದೆ, ಆದರೆ ಸ್ಪಷ್ಟವಾಗಿ.

"ಮಾಲಕರ, ನಿಮ್ಮ ಕೊಟ್ಟಿಗ್ಯಾಗಿನ ಜೋಡೆತ್ತು ನಾ ಕೊಡಿಸಿದ್ದು. ಅವತ್ತ ನನ್ನ ಮಾತು ಕೇಳಿ ತಗೊಂಡ್ರಿ. ಎತ್ತು ಹೆಂಗ ಅದಾವು?"

ಬೆಳೆಗಾರರು ಸೆಟ್ಟನ್ನೇ ನೋಡುತ್ತ ಕೂತರು. ನಾನು ಗುಂಡಿ ಒತ್ತಿ ಅವರ ಮುಂದೆ ಹಿಡಿದೆ. "ಚಲೋ ಅದಾವ್ರಿ ಅಣ್ಣಾರ" ಎಂದರು.

"ಮತ್ತ ಈಗ ಯಾಕ ನನ್ನ ಮಾತು ಕೇಳವಲ್ರಿ?"

ಬೆಳೆಗಾರರು ಎದ್ದು ಒಳಗೆ ಹೋದರು. ಸಿಟ್ಟಾಗಿ ಹೋದರೇನೋ ಅಂದುಕೊಂಡು ನಾನೂ ಜಗಳಕ್ಕೆ ಸಿದ್ಧಳಾದೆ. ಅವರು ತಮ್ಮ ಸೆಟ್ಟು ತಂದು ನನ್ನ ಕೈಗೆ ಕೊಟ್ಟು, "ಎಲ್ಲಿ ಐತ್ರಿ ಆ ಕೇಬಲ್?" ಎಂದರು. ಮುಖ ಮಾತ್ರ ಬೇರೆ ಕಡೆಗಿತ್ತು.

ಅವರು ಒಪ್ಪಿದ ಮೇಲೆ ಉಳಿದವರದು ಸಲೀಸಾಯಿತು. ಗೊಣಗಿದವರು ಇದ್ದರು. ಕಾಗವಾಡದ ಒಬ್ಬರು ತಮ್ಮ ಸೆಟ್ಟು ಕೆಟ್ಟರೆ ನಾನೇ ಹೊಣೆ ಎಂದು ನನ್ನ ಬಾಯಿಂದ ಕನ್ನಡ, ಮರಾಠಿ ಎರಡರಲ್ಲೂ ಹೇಳಿಸಿಕೊಂಡರು. ಶಿರಗುಪ್ಪಿಯವರು ಕಬ್ಬಿನ ಗಾಡಿಗಳ ಸಾಲಿನಲ್ಲಿ ಸಿಕ್ಕಿಕೊಂಡು ನನ್ನಲ್ಲಿಗೆ ಬರದೇಹೋದಾಗ ಅವರ ಸೆಟ್ಟಿಗೆ ನಾನೇ ಹೋಗಿ ಹಾಕಿ ಬಂದೆ. ಯಾರದೂ ಕೆಡಲಿಲ್ಲ.

ಮತ್ತೆ ಎಲ್ಲರೂ ಸೇರಿದ ಮೊದಲ ಸಂಜೆ ನಾನು ದಿಗ್ಗೇವಾಡಿಯಲ್ಲೇ ಇದ್ದೆ. ಹೊತ್ತು ಮುಳುಗಿ ಇನ್ನೂ ಬೆಳಕಿತ್ತು. ವೈನಿ ಟಾವೆಲ್ಲನ್ನು ಮಡಚಿ ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕಾವಲು ಕೂತಿದ್ದಳು. ಒಬ್ಬೊಬ್ಬರಾಗಿ ದನಿಗಳು ಬಂದವು. ಈ ಹೊಸ ಬಗೆಯಲ್ಲಿ ಎಲ್ಲರ ದನಿಯೂ ಸ್ವಲ್ಪ ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ, ಬೆಳೆಗಾರರದೂ, ನನ್ನದೂ. ಯಂತ್ರದ ದನಿ ಎಂದು ಅಣ್ಣನೊಬ್ಬನನ್ನು ಬೇರೆ ಕೂರಿಸಲು ಈಗ ಯಾರಿಗೂ ಸಾಧ್ಯವಿರಲಿಲ್ಲ.

ಅಣ್ಣನ ಸರದಿ ಬಂತು. ಕರೆಸಂಕೇತ ಹೇಳಿದ, ನಮಸ್ಕಾರ ಹೇಳಿದ. ಆಮೇಲೆ ಆಸ್ಪತ್ರೆಯ ಊಟದಿಂದ ಹಿಡಿದ. ಅಲ್ಲಿಂದ ಮಳೆಗೆ ಬಂದ, ಮಳೆಯಿಂದ ಕಬ್ಬಿಗೆ, ಕಬ್ಬಿನಿಂದ ಯಾರದೋ ಎತ್ತಿನ ಸುಳಿಗೆ. ಕನ್ನಡ ಬಿಟ್ಟು ಮರಾಠಿ ಹೊಕ್ಕ. ಟಾವೆಲ್ಲಿನ ಕಥೆಯನ್ನೂ ಬಿಡಲಿಲ್ಲ. ರಿಪೀಟರು ಅವನನ್ನು ಬಹಳ ಹೊತ್ತಾಯಿತೆಂದು ತಾನೇ ಕತ್ತರಿಸಿತು. ಅವನು ಮತ್ತೆ ಗುಂಡಿ ಒತ್ತಿ ಬಿಟ್ಟಲ್ಲಿಂದಲೇ ಹಿಡಿದ. ಅದು ಮತ್ತೆ ಕತ್ತರಿಸಿದ ತೆರಪಿನಲ್ಲಿ ಬೆಳೆಗಾರರು ನುಗ್ಗಿದರು. ಈ ಸಲ ದನಿಯಲ್ಲಿ ಹಣ್ಣು ತಂದವರ ಮೆದುತನ ಇರಲಿಲ್ಲ. ಹಳೆಯ ದಿನಗಳ ಅದೇ ರೇಗಾಟವಿತ್ತು.

"ಅಣ್ಣಾರ, ಸಾಕ್ ಮಾಡ್ರಿ ಇನ್ನ. ರಿಪೀಟರ್ ಕಾದ ಹಂಚು ಆಗೇತಿ. ಉಳಿದವರಿಗೂ ಬಾಯಿ ಐತಿ. ನೀವು ಈಗ ಬರೇ ಕೇಳಕೋಂತ ಕುಂದರ್ರಿ."

ನಾನು ಅಣ್ಣನ ಮುಖ ನೋಡಿದೆ. ಅವನ ಹೆಗಲು ಕುಲುಕುತ್ತಿದ್ದವು, ಕಣ್ಣಿನಲ್ಲಿ ನೀರಿತ್ತು. ಗಂಟಲ ಯಂತ್ರವನ್ನು ಕುತ್ತಿಗೆಯಿಂದ ಇಳಿಸಲೇ ಇಲ್ಲ. ಬೆಳೆಗಾರರು ಗುಂಡಿ ಬಿಡುವುದನ್ನೇ ಕಾದಿದ್ದು, ತಾನು ಮತ್ತೆ ಒತ್ತಿದ.